ಓದುಗರ ಪ್ರಶ್ನೆ: ಹಾರುವುದು ಶ್ರೀಹರಿಕೋಟದಿಂದ, ಸಿದ್ಧವಾಗುವುದು ಬೆಂಗಳೂರಿನಲ್ಲಿ

ಪ್ರಶ್ನೆ: ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ, ಉಡಾವಣೆ ಮಾತ್ರ ಶ್ರೀಹರಿಕೋಟದಿಂದ. ಹಾಗಾದರೆ ಇಲ್ಲಿ ನಡೆಯುವ ಕೆಲಸ ಯಾವುದು? (ಓದುಗರು, ರಾಜಾಜಿನಗರ)

ಉತ್ತರ: ಮೊದಲು, ಉಡಾವಣೆ ಶ್ರೀಹರಿಕೋಟದಿಂದಲೇ ಏಕೆ ಎಂದು ನೋಡೋಣ. ಉರಿದು ಮುಗಿದ ರಾಕೆಟ್ ಹಂತಗಳು ಕಳಚಿ ಬೀಳುತ್ತವೆ. ಅವು ಜನವಸತಿಯ ಮೇಲೆ ಬೀಳಬಾರದು. ಶ್ರೀಹರಿಕೋಟದ ಪೂರ್ವಕ್ಕೆ ಬಂಗಾಳ ಕೊಲ್ಲಿಯಿದೆ. ಭೂಮಿಯ ತಿರುಗಾಟದಿಂದ ಪೂರ್ವಕ್ಕೆ ಹಾರುವ ರಾಕೆಟ್ಟಿಗೆ ಅಲ್ಲಿ ಸೆಕೆಂಡಿಗೆ ಸುಮಾರು 450 ಮೀಟರ್ ವೇಗ ಪುಕ್ಕಟೆಯಾಗಿ ಸಿಗುತ್ತದೆ.

ಉಪಗ್ರಹ ತಯಾರಾಗುವುದು ಮಾತ್ರ ಇಲ್ಲಿಯೇ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿದ 360 ಕಿಲೋ ತೂಕದ 'ಆರ್ಯಭಟ' ಸಿದ್ಧವಾದದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಈಗ ಆ ಕೆಲಸ ಯು.ಆರ್. ರಾವ್ ಉಪಗ್ರಹ ಕೇಂದ್ರದ್ದು. ಜೋಡಣೆಗಿಂತ ಪರೀಕ್ಷೆಯೇ ಇಲ್ಲಿನ ದೊಡ್ಡ ಕೆಲಸ ಎನ್ನಬೇಕು. ಉಪಗ್ರಹವನ್ನು ಕಂಪನ ಮೇಜಿನ ಮೇಲೆ ಬಿಗಿದು ಮೊದಲು ಮೆಲ್ಲಗೆ ಅಲುಗಿಸಿ, ಅದು ಸಹಜವಾಗಿ ಯಾವ ಆವರ್ತನದಲ್ಲಿ ಕಂಪಿಸುತ್ತದೆ ಎಂದು ಬರೆದಿಟ್ಟುಕೊಳ್ಳುತ್ತಾರೆ. ಆಮೇಲೆ ಉಡಾವಣೆಯಷ್ಟೇ ಜೋರಾಗಿ ಅಲುಗಿಸುತ್ತಾರೆ. ಕೊನೆಗೆ ಮತ್ತೆ ಮೆಲ್ಲಗೆ. ಮೊದಲಿನ ಮತ್ತು ಕೊನೆಯ ಅಳತೆ ಗಣನೀಯವಾಗಿ ಬೇರೆಯಾದರೆ ಒಳಗೆಲ್ಲೋ ಸ್ಕ್ರೂ ಸಡಿಲವಾಗಿರಬಹುದು, ಅಂಟು ಬಿಟ್ಟಿರಬಹುದು, ಬಿಚ್ಚಿ ನೋಡಲೇಬೇಕು.

ನಿರ್ವಾತ ಕೋಣೆಯ ಪರೀಕ್ಷೆ ಬೇರೆಯೇ. ಶಾಖವನ್ನು ಒಯ್ಯಲು ಅಲ್ಲಿ ಗಾಳಿಯಿಲ್ಲ. ಹೀಗಾಗಿ ಮೇಜಿನ ಮೇಲೆ ತಣ್ಣಗೆ ಕೆಲಸ ಮಾಡಿದ ಸರ್ಕ್ಯೂಟ್ ಇಲ್ಲಿ ಕುದಿಯಬಹುದು. ಅಂಟು, ಬಣ್ಣಗಳಿಂದ ಹೊರಟ ಆವಿ ತಣ್ಣಗಿನ ಕ್ಯಾಮೆರಾ ಮಸೂರದ ಮೇಲೆ ಕೂತು ಚಿತ್ರವನ್ನು ಮಂಕಾಗಿಸಬಹುದು. ಬಿಸಿ, ತಂಪುಗಳನ್ನು ಸರದಿಯಾಗಿ ಕೊಟ್ಟು ಇವನ್ನೆಲ್ಲ ನೆಲದ ಮೇಲೇ ಹಿಡಿಯಬೇಕು.

ಪ್ರಶ್ನೆ: ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟ ಚಿತ್ರ ನಿಜವೇ? ಬಡತನಕ್ಕೆ ಹಾಗೆ ಮಾಡಿದರೇ? (ಓದುಗರು, ಯಲಹಂಕ)

ಉತ್ತರ: ಚಿತ್ರ ನಿಜ, ಕಾರಣ ಬಡತನವಲ್ಲ. ಅದು 1981ರ 'ಆ್ಯಪಲ್' ಸಂಪರ್ಕ ಉಪಗ್ರಹ. ಆಂಟೆನಾ ಪರೀಕ್ಷೆಗೆ ಲಾರಿಯ ಮೇಲಿಟ್ಟರೆ ಅದರ ಲೋಹದ ಮೈ ರೇಡಿಯೋ ಅಲೆಗಳನ್ನು ಪ್ರತಿಫಲಿಸಿ ಅಳತೆ ಕೆಡುತ್ತಿತ್ತು. ಮರದ ಗಾಡಿಯಲ್ಲಿ ಆ ತೊಂದರೆಯಿರಲಿಲ್ಲ. ಬಹಳ ಜಾಣತನದ ಪರಿಹಾರವದು.

ಪ್ರಶ್ನೆ: ಚಂದ್ರನಲ್ಲಿಗೆ ಹೋಗುವುದೇ ಮೊದಲಿನಿಂದಲೂ ಗುರಿಯಾಗಿತ್ತೇ? (ವಿದ್ಯಾರ್ಥಿನಿ, ಜಯನಗರ)

ಉತ್ತರ: ಇಲ್ಲ. ಭಾರತದ ಬಾಹ್ಯಾಕಾಶ ಕಾರ್ಯಕ್ರಮಕ್ಕೆ ಬುನಾದಿ ಹಾಕಿದ ವಿಕ್ರಂ ಸಾರಾಭಾಯಿ ಒತ್ತಿ ಹೇಳಿದ್ದು ಜನಜೀವನಕ್ಕೆ ಬೇಕಾದ ಕೆಲಸ: ಹವಾಮಾನ, ಸಂಪರ್ಕ, ಶಿಕ್ಷಣ. 1975-76ರಲ್ಲಿ ಅಮೆರಿಕದ ಉಪಗ್ರಹವೊಂದನ್ನು ಬಳಸಿ, ಕರ್ನಾಟಕವೂ ಸೇರಿ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಪಾಠ ತಲುಪಿಸಲಾಯಿತು. ಹಳ್ಳಿಯ ಆಂಟೆನಾಗಳಿಗೆ ಬಳಸಿದ್ದು ಕೋಳಿಗೂಡಿನ ತಂತಿಬಲೆ.

ಪ್ರಶ್ನೆ: ಚಂದ್ರಯಾನ-2 ಬಿದ್ದದ್ದೇಕೆ, ಚಂದ್ರಯಾನ-3ರಲ್ಲಿ ಏನು ಬದಲಾಯಿತು? (ಓದುಗರು, ಕೆಂಗೇರಿ)

ಉತ್ತರ: 2019ರ ಸೆಪ್ಟೆಂಬರ್ 7ರಂದು ಚಂದ್ರನ ಮೇಲೆ ಇಳಿಯುವಾಗ ಇಳಿಯುವ ನೌಕೆಯ (ಲ್ಯಾಂಡರ್) ಎಂಜಿನ್‌ಗಳ ಒತ್ತು ಲೆಕ್ಕಕ್ಕಿಂತ ತುಸು ಹೆಚ್ಚಾಯಿತು. ಚಿತ್ರ ತೆಗೆಯಲು ನೌಕೆ ಅಲುಗದೆ ಇರಬೇಕಾದ ಹಂತದಲ್ಲಿ ಆ ತಪ್ಪು ಕೂಡುತ್ತಾ ಹೋಯಿತು. ತಿದ್ದಿಕೊಳ್ಳಲು ಬೇಗ ತಿರುಗಬೇಕಿತ್ತು, ತಿರುಗುವ ವೇಗಕ್ಕೆ ತಂತ್ರಾಂಶ ಮಿತಿ ಹಾಕಿತ್ತು. ಇಳಿಯುವ ಜಾಗವೋ ಬರೀ 500 ಮೀಟರ್ ಉದ್ದಗಲ.

ಮುಂದಿನ ಸಲ ಆ ಜಾಗವನ್ನು 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ನಡುವಿನ ಐದನೆಯ ಎಂಜಿನ್ ತೆಗೆದರು, ಕಾಲುಗಳನ್ನು ಗಟ್ಟಿ ಮಾಡಿದರು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಸೇರಿಸಿದರು, ಇಂಧನ ಹೆಚ್ಚಿಸಿದರು. 2023ರ ಆಗಸ್ಟ್ 23ರಂದು 'ವಿಕ್ರಂ' ಲ್ಯಾಂಡರ್ ಸುರಕ್ಷಿತವಾಗಿ ಇಳಿದ ಮೇಲೂ ಇಂಧನ ಉಳಿದಿತ್ತು. ಅದರಿಂದ ಎಂಜಿನ್ ಮತ್ತೆ ಹೊತ್ತಿಸಿ, ಸುಮಾರು 40 ಸೆಂ.ಮೀ. ಮೇಲೆದ್ದು ಪಕ್ಕಕ್ಕೆ ಇಳಿಯುವ ಪ್ರಯೋಗವನ್ನೂ ಮಾಡಿ ಮುಗಿಸಿದರು. ಚಂದ್ರನ ಮಣ್ಣನ್ನು ಭೂಮಿಗೆ ತರಬೇಕಿರುವ ಚಂದ್ರಯಾನ-4ಕ್ಕೆ ಈ ಅನುಭವ ಬೇಕೇ ಬೇಕು.