ಬೆಂಗಳೂರಿನ ಯಲಹಂಕ ಕೆರೆ ಹತ್ತಿರ ವಯಸ್ಸಾದ ಅಪ್ಪ ಅಮ್ಮನ ಜೊತೆ ಬಾಡಿಗೆಗೆ ಹೋಗಬಹುದೇ? ಬಾಲ್ಕನಿಯಿಂದ ಕೆರೆ ಕಾಣಬೇಕು ಅಂತ ಆಸೆ. ನೀರು, ಮಳೆ, ನಂದಿ ಬೆಟ್ಟದ ಟ್ರಾಫಿಕ್ ಹೇಗೆ?

ಧಾರಾಳವಾಗಿ ಹೋಗಬಹುದು. ಆದರೆ ಬಾಲ್ಕನಿಯಿಂದ ಕೆರೆ ಕಾಣಬೇಕು ಅಂತ ಬರೆದಿದ್ದೀರಲ್ಲ, ಆ ಆಸೆ ಸದ್ಯಕ್ಕೆ ಬದಿಗಿರಲಿ. ಕೆರೆ ಕೋಡಿ ಬಿದ್ದಾಗ ನೀರು ಯಾವ ದಾರಿ ಹಿಡಿಯುತ್ತೆ, ನೀವು ನೋಡಿದ ಮನೆ ಆ ದಾರಿಯಿಂದ ಎಷ್ಟು ದೂರ, ಎಷ್ಟು ಎತ್ತರ ಅನ್ನೋದನ್ನ ಮೊದಲು ತಿಳಿದುಕೊಳ್ಳಿ.

ಯಲಹಂಕ ಕೆರೆಯ ಹೆಚ್ಚುವರಿ ನೀರು ರಾಜಕಾಲುವೆ ಹಿಡಿದು ಜಕ್ಕೂರು ಕೆರೆಗೆ, ಅಲ್ಲಿಂದ ರಾಚೇನಹಳ್ಳಿ ಕೆರೆಗೆ ಇಳಿಯಬೇಕು. ನಡುವೆ ಕಾಲುವೆ ಇಕ್ಕಟ್ಟಾದ ಕಡೆ ನೀರು ಹಿಂದಕ್ಕೆ ಒತ್ತಿ ಪಕ್ಕದ ತಗ್ಗಿಗೆ ನುಗ್ಗುತ್ತೆ. 2021ರ ನವೆಂಬರ್‌ನಲ್ಲಿ, ಮತ್ತೆ 2024ರ ಅಕ್ಟೋಬರ್‌ನಲ್ಲಿ ಕೇಂದ್ರೀಯ ವಿಹಾರ್ ಅಪಾರ್ಟ್‌ಮೆಂಟ್ ಜಲಾವೃತವಾಗಿ ಜನರನ್ನ ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರಗೆ ಕರೆತಂದಿದ್ದು ಸುದ್ದಿಯಲ್ಲಿ ನೋಡಿರುತ್ತೀರಿ. ಎಲ್ಲ ಕೆರೆಗಳಿಗೂ ಒಂದೇ ಲೆಕ್ಕ: ಏರಿಯ ಹಿಂಭಾಗ, ಅಂದರೆ ಹಿಂದೆ ಅಚ್ಚುಕಟ್ಟಿನ ಗದ್ದೆಗಳಿದ್ದ ಕಡೆ, ಕೆರೆಗಿಂತ ತಗ್ಗು. ಅಲ್ಲಿಂದ ಕೆರೆ ಕಾಣೋದೇ ಇಲ್ಲ, ಹಾಗಾಗಿ ಬ್ರೋಕರ್ "ಕೆರೆ ದೂರ ಇದೆ ಸಾರ್" ಅಂತಾನೆ. ನೀರು ಬರೋದು ಅಲ್ಲಿಗೇ.

ಪರೀಕ್ಷೆ ಸುಲಭ. ಫೋನಿನಲ್ಲಿ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಮನೆ ಮುಂದೆ ನಿಂತು ನೋಡಿ. ನಿಂತ ಜಾಗದ ಸರ್ವೆ ನಂಬರ್ ಬರುತ್ತೆ, ಹತ್ತಿರದ ಕೆರೆ, ಹಳ್ಳಗಳ ಗಡಿಯೂ ಗೊತ್ತಾಗುತ್ತೆ. ಆಮೇಲೆ ಕಣ್ಣಿಗೆ ಕೆಲಸ ಕೊಡಿ. ಕಾಂಪೌಂಡ್ ಗೋಡೆಯಲ್ಲಿ ಒಂದೇ ಮಟ್ಟದಲ್ಲಿ ಕೆಸರಿನ ಗೆರೆ ಇದೆಯಾ? ಅಕ್ಕಪಕ್ಕದ ಮನೆಗಳ ಕರೆಂಟ್ ಮೀಟರ್ ಬೋರ್ಡು ಎದೆಮಟ್ಟಕ್ಕಿಂತ ಮೇಲೆ ಹೋಗಿದೆಯಾ? ಗೇಟಿಗೆ ಹೊಸದಾಗಿ ಸಿಮೆಂಟ್ ದಿಬ್ಬ ಕಟ್ಟಿದ್ದಾರಾ? ಮೂಲೆ ಅಂಗಡಿಯವರನ್ನ "ಮಳೆಗಾಲದಲ್ಲಿ ಸರಕು ಯಾವ ರ್‍ಯಾಕಿನಲ್ಲಿ ಇಡ್ತೀರಾ?" ಅಂತ ಕೇಳಿ. ಮಾಲೀಕರಿಂದ ಬರದ ಉತ್ತರ ಅವರಿಂದ ಬರುತ್ತೆ.

ರಸ್ತೆಗೆ ನೀರು ಬರದಿದ್ದರೂ ಬಚ್ಚಲಿನಿಂದ ಬರಬಹುದು. ಚಾವಣಿಯ ಮಳೆನೀರಿನ ಪೈಪನ್ನ ಒಳಚರಂಡಿಗೆ ಸೇರಿಸಿರೋ ಮನೆಗಳು ಈ ಊರಲ್ಲಿ ಲೆಕ್ಕವಿಲ್ಲ. ಜೋರು ಮಳೆಗೆ ಯುಜಿಡಿ (ಒಳಚರಂಡಿ) ಲೈನ್ ತುಂಬಿ, ಮ್ಯಾನ್‌ಹೋಲ್ ಉಕ್ಕಿ, ಕೆಳಮಹಡಿಯ ಕಮೋಡ್‌ನಿಂದ ಕೊಳಚೆ ಮೇಲೇಳುತ್ತೆ. ಕೆಳಮಹಡಿ ಮನೆಯಾದರೆ ಚೇಂಬರ್‌ನಲ್ಲಿ ನಾನ್ ರಿಟರ್ನ್ ವಾಲ್ವ್ (ಕೊಳಚೆ ಹಿಂದಕ್ಕೆ ಬರದಂತೆ ತಡೆಯೋದು) ಹಾಕಿಸಿಕೊಡಿ ಅಂತ ಅಡ್ವಾನ್ಸ್ ಕೊಡೋ ಮುಂಚೆಯೇ ಕೇಳಿ, ಕೊಟ್ಟ ಮೇಲೆ ಕೇಳಿದರೆ ಆ ಕೆಲಸ ಆಗಲ್ಲ. ಅಪ್ಪ ಅಮ್ಮನ ಮಂಡಿ ಒಪ್ಪೋದಾದರೆ ಮೊದಲನೇ ಮಹಡಿ ನೋಡಿ.

ಸಂಪಿನ ಮುಚ್ಚಳ ನೆಲಮಟ್ಟಕ್ಕಿದ್ದರೆ ಅದೂ ತೊಂದರೆ, ಅರ್ಧ ಅಡಿಯಾದರೂ ಎತ್ತರಿಸಿರಬೇಕು. ಒಮ್ಮೆ ಹೊರಗಿನ ನೀರು ಸೇರಿತು ಅಂದರೆ ಪೂರ್ತಿ ಖಾಲಿ ಮಾಡಿ, ಗೋಡೆ ತಿಕ್ಕಿ ತೊಳೆದು, ಹೊಸ ನೀರು ತುಂಬಿ, ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಒಳ್ಳೆ ಬ್ಲೀಚಿಂಗ್ ಪೌಡರ್ ಕದಡಿ, ತಿಳಿಯನ್ನಷ್ಟೇ ಹಾಕಿ ಒಂದು ಗಂಟೆ ಬಿಡಬೇಕು. ಹಳೇ ಪೌಡರ್‌ನಲ್ಲಿ ಕ್ಲೋರಿನ್ ಹಾರಿಹೋಗಿರುತ್ತೆ, ಪ್ಯಾಕೆಟ್ ಮೇಲಿನ ದಿನಾಂಕ ನೋಡಿ.

ದಿನನಿತ್ಯದ ನೀರಿಗೆ ಬರೋಣ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಗಿದೆ, ಆದರೂ "ಕಾವೇರಿ ಕನೆಕ್ಷನ್ ಇದೆ" ಅನ್ನೋ ಮಾತಷ್ಟೇ ಸಾಲದು. ವಾರದಲ್ಲಿ ಯಾವ ದಿನ, ಎಷ್ಟು ಗಂಟೆ ಬಿಡ್ತಾರೆ, ಆ ನೀರು ಎಷ್ಟು ಮನೆಗೆ ಹಂಚಿಕೆ ಆಗುತ್ತೆ ಕೇಳಿ. ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ ಹಿಡಿದರೆ ನಾಲ್ಕು ಜನಕ್ಕೆ 540. ಮೂರು ದಿನ ತಡೆಯಬೇಕಾದರೆ ನಿಮ್ಮ ಮನೆಗೇ 1,600 ಲೀಟರ್ ಬೇಕು. ನಾಲ್ಕು ಬಾಡಿಗೆ ಮನೆಗೆ 4,000 ಲೀಟರಿನ ಒಂದೇ ಸಂಪ್ ಇದ್ದರೆ ಎರಡನೇ ದಿನ ಸಂಜೆಯೊಳಗೇ ತಳ ಕಾಣುತ್ತೆ. ಟ್ಯಾಂಕರ್ ಖರ್ಚು ಯಾರದು ಅನ್ನೋದು ಕರಾರುಪತ್ರದಲ್ಲೇ ಇರಲಿ. ಬೋರ್‌ವೆಲ್ ನೀರಾದರೆ ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಪ್ರಮಾಣ) ಜೊತೆಗೆ ನೈಟ್ರೇಟ್ ಕೂಡ ಪರೀಕ್ಷೆ ಮಾಡಿಸಿ. ಕೊಳಚೆ ಸೇರೋ ಕೆರೆ, ಕಾಲುವೆಗಳ ಆಸುಪಾಸಿನ ಅಂತರ್ಜಲಕ್ಕೆ ಅದು ಇಳಿದಿರಬಹುದು. ಕುಡಿಯೋ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಕುದಿಸಿದರೆ ನೈಟ್ರೇಟ್ ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ. ಆರ್‌ಒ ಫಿಲ್ಟರ್ ಬೇಕಾಗುತ್ತೆ.

ಸೊಳ್ಳೆ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಕೊಳಚೆ ಕಾಲುವೆಯಲ್ಲಿ ಹುಟ್ಟೋದು ಹೆಚ್ಚಾಗಿ ಕ್ಯೂಲೆಕ್ಸ್, ರಾತ್ರಿ ನಿದ್ದೆ ಕೆಡಿಸುತ್ತೆ. ಡೆಂಗಿ ತರೋ ಈಡಿಸ್ ಬೆಳೆಯೋದು ನಿಮ್ಮದೇ ಡ್ರಮ್ಮು, ಹೂಕುಂಡದ ತಟ್ಟೆ, ಮುಚ್ಚಳ ಸರಿಯಿಲ್ಲದ ಸಂಪಿನಲ್ಲಿ. ಕೆರೆಯನ್ನ ಬೈಯೋದಕ್ಕಿಂತ ವಾರಕ್ಕೊಮ್ಮೆ ಇವನ್ನ ಖಾಲಿ ಮಾಡಿ ಉಜ್ಜೋದು ಮೇಲು.

ದೂರು ಕೊಡೋವಾಗ ಬಹಳ ಜನ ದಾರಿ ತಪ್ತಾರೆ. ಕುಡಿಯೋ ನೀರು, ಯುಜಿಡಿ ಎರಡೂ ಜಲಮಂಡಳಿಯದು: 1916. ಕಸ, ಬೀದಿ ದೀಪ, ರಾಜಕಾಲುವೆ ಪಾಲಿಕೆಯದು: 1533. ಕರೆಂಟ್ 1912. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆದಿದೆ, ಯಲಹಂಕ ಬೆಂಗಳೂರು ಉತ್ತರಕ್ಕೆ ಸೇರಿದೆ. ಯಲಹಂಕದ ಪುಟ್ಟೇನಹಳ್ಳಿ ಕೆರೆ ಮಾತ್ರ ಬೇರೆ, ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ, ಅರಣ್ಯ ಇಲಾಖೆಯ ಕೈಯಲ್ಲಿದೆ. (ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ಇನ್ನೊಂದು. ಕ್ಯಾಬ್ ಬುಕ್ ಮಾಡೋವಾಗ ನೋಡಿಕೊಳ್ಳಿ, ಊರಿನ ಆ ತುದಿಗೆ ಹೋಗಿಬಿಡ್ತೀರಿ.) ಎಲ್ಲಿ ದೂರು ಕೊಟ್ಟರೂ ದೂರು ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಒಬ್ಬರು ಹತ್ತು ಸಲ ಕರೆ ಮಾಡೋದಕ್ಕಿಂತ ಬೀದಿಯ ಹತ್ತು ಮನೆಯವರು ಒಂದೊಂದು ಸಂಖ್ಯೆ ಇಟ್ಟುಕೊಂಡು ಎಂಜಿನಿಯರ್ ಮುಂದೆ ನಿಂತರೆ ಕೆಲಸ ಬೇಗ ಆಗುತ್ತೆ. ಬೆಳಗ್ಗೆ ಕೆರೆ ಸುತ್ತೋ ಹಿರಿಯರಲ್ಲಿ ಇಂಥದ್ದಕ್ಕೆ ಬಿಡುವಿರೋರು ಸಿಗ್ತಾರೆ, ಅಪ್ಪನಿಗೂ ಜೊತೆಯಾಗುತ್ತೆ.

ಟ್ರಾಫಿಕ್: ನಂದಿ ಬೆಟ್ಟ, ಚಿಕ್ಕಬಳ್ಳಾಪುರದ ಆದಿಯೋಗಿ ಎರಡಕ್ಕೂ ಬಳ್ಳಾರಿ ರಸ್ತೆಯೇ ದಾರಿ. ಶನಿವಾರ, ಭಾನುವಾರ ಸೂರ್ಯೋದಯ ನೋಡೋ ಬೈಕುಗಳ ಸದ್ದು ಕತ್ತಲಿರುವಾಗಲೇ ಶುರು, ಭಾನುವಾರ ಸಂಜೆ ಹೆಬ್ಬಾಳದ ಕಡೆ ವಾಪಸಾಗೋ ಕಾರುಗಳ ಸಾಲು. ಘಾಟಿ ಸುಬ್ರಹ್ಮಣ್ಯಕ್ಕೆ ಹೋಗೋರು ದೊಡ್ಡಬಳ್ಳಾಪುರ ರಸ್ತೆ ಹಿಡೀತಾರೆ. ಈ ಎರಡೂ ರಸ್ತೆಗಳಿಂದ ನಾಲ್ಕು ಬೀದಿ ಒಳಗಿದ್ದರೆ ಸದ್ದು ಅಷ್ಟಾಗಿ ಮುಟ್ಟಲ್ಲ. ಭಾನುವಾರ ಸಂಜೆ ಊರೊಳಗೆ ಡಾಕ್ಟರ್, ಮದುವೆ ಮನೆ ಇಟ್ಟುಕೊಳ್ಳಬೇಡಿ.

ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ವಿಮಾನ ಪ್ರದರ್ಶನ ನಡೆಯುವಾಗ ಬಳ್ಳಾರಿ ರಸ್ತೆ ಜಾಮ್ ಆಗೋದು ಗ್ಯಾರಂಟಿ. ಮಾಂಸದಂಗಡಿಗಳನ್ನೂ ಮುಚ್ಚಿಸ್ತಾರೆ, ತ್ಯಾಜ್ಯಕ್ಕೆ ಬರೋ ಹದ್ದುಗಳು ವಿಮಾನಕ್ಕೆ ಬಡಿದರೆ ಅಪಾಯ ಅಂತ. 2025ರಲ್ಲಿ 13 ಕಿಲೋಮೀಟರ್ ವ್ಯಾಪ್ತಿಯಲ್ಲಿ ಜನವರಿ 23ರಿಂದ ಫೆಬ್ರವರಿ 17ರವರೆಗೆ ನಿಷೇಧ ಇತ್ತು. ಆ ತಿಂಗಳು ಮನೆಯಲ್ಲಿ ಬಾಡೂಟ ಇಟ್ಟುಕೊಂಡಿದ್ದರೆ ದಿನಾಂಕ ಮೊದಲೇ ನೋಡಿಕೊಳ್ಳಿ.

ಬಸ್ಸಿನ ವಿಷಯ: ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಉಚಿತ, ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಇರಬೇಕು ಅಷ್ಟೇ. ಅಪ್ಪನಿಗೆ 60 ದಾಟಿದ್ದರೆ ಬಿಎಂಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಹಿರಿಯ ನಾಗರಿಕರ ರಿಯಾಯಿತಿ 25 ಶೇಕಡಾ. ಗುರುತಿನ ಚೀಟಿ ಜೇಬಿನಲ್ಲೇ ಇರಲಿ, ಟಿಕೆಟ್ ಹರಿದ ಮೇಲೆ ತೋರಿಸಿದರೆ ಕಂಡಕ್ಟರ್ ಏನೂ ಮಾಡೋಕಾಗಲ್ಲ.