ಎಐ ಬರೆದ ಸುದ್ದಿಗೆ ಯುರೋಪಿನಲ್ಲಿ ಹೊಣೆ ಯಾರು?

ಹೆಸರು ಹಾಕಿ ಪ್ರಕಟಿಸುವವರೇ ಹೊಣೆ. 2023ರ ಏಪ್ರಿಲ್‌ನಲ್ಲಿ ಜರ್ಮನಿಯ ‘ಡೀ ಆಕ್ಟುವೆಲ್ಲೆ’ ವಾರಪತ್ರಿಕೆ ಮುಖಪುಟದಲ್ಲಿ ಫಾರ್ಮುಲಾ ಒನ್ ಕಾರ್ ರೇಸ್ ಚಾಂಪಿಯನ್ ಮೈಕಲ್ ಶೂಮಾಕರ್ ಅವರ ನಗುಮುಖದ ಚಿತ್ರ ಹಾಕಿ ‘ಮೊದಲ ಸಂದರ್ಶನ’ ಎಂದು ಸಾರಿತು. 2013ರ ಸ್ಕೀಯಿಂಗ್ ಅಪಘಾತದ ನಂತರ ಅವರು ಸಾರ್ವಜನಿಕವಾಗಿ ಮಾತನಾಡಿಯೇ ಇಲ್ಲ. ಉತ್ತರಗಳನ್ನೆಲ್ಲ ಹೆಣೆದದ್ದು ಎಐ. ಸಂಪಾದಕಿ ಕೆಲಸ ಕಳೆದುಕೊಂಡರು, ಪ್ರಕಾಶನ ಸಂಸ್ಥೆ ಕುಟುಂಬದ ಕ್ಷಮೆ ಕೇಳಿತು. ಮೌನವಾಗಿರುವವರ ಬಾಯಿಗೆ ಮಾತು ತುರುಕುವುದು ಕ್ರೌರ್ಯವೇ ಸರಿ.

2024ರ ಆಗಸ್ಟ್ 1ರಂದು ಅಸ್ತಿತ್ವಕ್ಕೆ ಬಂದ ಐರೋಪ್ಯ ಒಕ್ಕೂಟದ ಎಐ ಕಾಯ್ದೆಯ 50ನೇ ವಿಧಿ ಈ ವಿಷಯವನ್ನು ನೇರವಾಗಿ ಮುಟ್ಟುತ್ತದೆ. ಸಾರ್ವಜನಿಕ ಹಿತಾಸಕ್ತಿಯ ವಿಷಯವನ್ನು ಜನರಿಗೆ ತಿಳಿಸುವ ಬರಹ ಎಐ ಸೃಷ್ಟಿಯಾಗಿದ್ದರೆ ಅದನ್ನು ಹೇಳಲೇಬೇಕು. ಮನುಷ್ಯರು ಪರಿಶೀಲಿಸಿ, ಯಾರಾದರೂ ಸಂಪಾದಕೀಯ ಹೊಣೆ ಹೊತ್ತಿದ್ದರೆ ವಿನಾಯಿತಿ. ನನಗೆ ಕಳವಳ ಇರುವುದು ಇಲ್ಲಿಯೇ. ಉಪಸಂಪಾದಕರು ಪ್ರತಿ ಅಂಕಿಯನ್ನೂ ಮೂಲದೊಂದಿಗೆ ತಾಳೆ ನೋಡಿದರೋ, ಶೀರ್ಷಿಕೆಯ ಮೇಲೆ ಕಣ್ಣಾಡಿಸಿ ಬಿಟ್ಟರೋ, ಓದುಗರಿಗೆ ತಿಳಿಯುವ ದಾರಿಯಿಲ್ಲ.

2025ರ ಆಗಸ್ಟ್ 8ರಿಂದ ಅನ್ವಯವಾಗುತ್ತಿರುವ ಒಕ್ಕೂಟದ ಮಾಧ್ಯಮ ಸ್ವಾತಂತ್ರ್ಯ ಕಾಯ್ದೆಯೂ ಇದೇ ಸೂತ್ರ ಹಿಡಿದಿದೆ. ಮಾಧ್ಯಮ ಸಂಸ್ಥೆಯ ಸುದ್ದಿಯನ್ನು ತೆಗೆಯುವ ಮೊದಲು ಬೃಹತ್ ಜಾಲತಾಣಗಳು ಸಾಮಾನ್ಯವಾಗಿ ಕಾರಣ ತಿಳಿಸಿ, ಉತ್ತರಿಸಲು 24 ಗಂಟೆ ಕೊಡಬೇಕು. ಆ ರಕ್ಷಣೆ ಬೇಕಿದ್ದರೆ, ಮನುಷ್ಯರ ಪರಿಶೀಲನೆಯಿಲ್ಲದೆ ಎಐ ಬರಹ ಪ್ರಕಟಿಸುವುದಿಲ್ಲವೆಂದು ಸಂಸ್ಥೆ ಘೋಷಿಸಿರಬೇಕು.

ಇನ್ನು ಹಣದ ಮಾತು. 2024ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ ಗೂಗಲ್‌ಗೆ 25 ಕೋಟಿ ಯೂರೊ ದಂಡ ಹಾಕಿತು. ಪ್ರಕಾಶಕರಿಗೆ ತಿಳಿಸದೆ ಅವರ ಬರಹಗಳನ್ನು ತನ್ನ ಎಐ ಚಾಟ್‌ಬಾಟ್ ‘ಬಾರ್ಡ್’ ತರಬೇತಿಗೆ ಬಳಸಿದ್ದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು.