ಕತ್ತಿ ಅದ್ದಿ ನೋಡದೆ ಏರಿಸಿದ ಮಾತ್ರೆ

*ಪ್ರಿಯ ಸಂಪಾದಕರೇ, ನಮ್ಮ ಮಾವನವರಿಗೆ ಎಂಬತ್ತೆರಡು ವರ್ಷ, ಮರೆವಿನ ಕಾಯಿಲೆ. ಡೊನೆಪೆಜಿಲ್ 5 ಮಿಲಿಗ್ರಾಂ ಮಾತ್ರೆಯಿಂದ ತುಸು ಗೆಲುವಾಗಿದ್ದರು. ವೈದ್ಯರು ಅದನ್ನು 10ಕ್ಕೆ ಏರಿಸಿದರು. ಇನ್ನಷ್ಟು ಗುಣವಾಗಲೆಂದು ಅಮೆರಿಕದ ನೆಂಟರ ಮಾತು ಕೇಳಿ ಒಂದು ತಿಂಗಳಿಂದ ನಾವೇ ರಾತ್ರಿ ಎರಡೆರಡು ಕೊಡುತ್ತಿದ್ದೇವೆ. ಈಗ ನಡುರಾತ್ರಿ ಎದ್ದು "ನೀರು ಮೆಟ್ಟಿಲಿಗೆ ಬಂತು, ದನ ಬಿಚ್ಚಿ" ಎಂದು ಕೂಗುತ್ತಾರೆ. ಮೂಗು ಸೋರುತ್ತದೆ, ಊಟ ಸೇರುವುದಿಲ್ಲ. ಮೊನ್ನೆ ಅಂಗಳದಲ್ಲಿ ತಲೆ ಸುತ್ತಿ ಕುಸಿದರು. ಇದು ವಯಸ್ಸೋ, ಮಾತ್ರೆಯೋ? ಪುರೋಹಿತರು ಶಾಂತಿ ಮಾಡಿಸಿ ಎನ್ನುತ್ತಾರೆ.*
*— ಓದುಗರು, ಹೊಸನಗರ ತಾಲ್ಲೂಕು*

ತಂಗಿ, ಮೊದಲು ತುರ್ತಿನ ಮಾತು. ಚೀಟಿಯಲ್ಲಿಲ್ಲದ ಎರಡನೆಯ ಮಾತ್ರೆಯನ್ನು ಇಂದು ರಾತ್ರಿ ಕೊಡಬೇಡಿ. ಕುಸಿದವರನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಪತ್ರಿಕೆ ಮಡಚಿಟ್ಟು ಇವತ್ತೇ ವೈದ್ಯರ ಬಳಿ ಕರೆದೊಯ್ದು ನಾಡಿ ನೋಡಿಸಿ, ಇಸಿಜಿ ಮಾಡಿಸಿ, ಎರಡೆರಡು ಕೊಟ್ಟದ್ದನ್ನು ಮುಚ್ಚಿಡದೆ ಹೇಳಿ. ಹಾಗೆಂದು ಎಲ್ಲವನ್ನೂ ನೀವೇ ನಿಲ್ಲಿಸುವುದೂ ಬೇಡ. ಶಾಂತಿಗೆ ಅವಸರವಿಲ್ಲ.

ಈ ಔಷಧಿ ಕೆಟ್ಟದ್ದಲ್ಲ. 1996ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕ ಮೇಲೆ ಎಷ್ಟೋ ಮನೆಗಳಲ್ಲಿ ಹಿರಿಯರು ಮೊಮ್ಮಕ್ಕಳ ಹೆಸರನ್ನು ಇನ್ನಷ್ಟು ದಿನ ನೆನಪಿಟ್ಟುಕೊಂಡಿದ್ದಾರೆ. ವೈದ್ಯರಿಗೂ ಹೊರಗೆ ಸಾಲುಗಟ್ಟಿ ರೋಗಿಗಳು ಕಾದಿರುತ್ತಾರೆ, ಒಪ್ಪುತ್ತೇನೆ. ಆದರೆ ರಾತ್ರಿ ಎರಡಕ್ಕೆ ಎದ್ದು ಮಾವನವರ ಕೈ ಹಿಡಿದು ಮತ್ತೆ ಹಾಸಿಗೆಗೆ ಕರೆತಂದವರು ನೀವು. ಈ ಕಾಯಿಲೆಯ ಬಗ್ಗೆ ನಿಮಗೆ ತಿಳಿದಿರುವುದು ಇನ್ನಾರಿಗೂ ತಿಳಿದಿಲ್ಲ.

ಮಿದುಳಿನಲ್ಲಿ ನೆನಪಿನ ಕೆಲಸಕ್ಕೆ ಬೇಕಾದ ಅಸೆಟೈಲ್‌ಕೋಲಿನ್ ಎಂಬ ದ್ರವ್ಯವನ್ನು ಒಡೆಯುವ ಕಿಣ್ವವೊಂದಿದೆ. ಡೊನೆಪೆಜಿಲ್ ಅದನ್ನು ತಡೆಯುತ್ತದೆ. ಆದರೆ ಆ ದ್ರವ್ಯ ನೆನಪಿಗೊಂದಕ್ಕೇ ಮೀಸಲಲ್ಲ. ಹೃದಯದ ಬಡಿತವನ್ನು ನಿಧಾನಗೊಳಿಸುವುದೂ ಅದೇ, ಹೊಟ್ಟೆಯನ್ನು ಕದಡುವುದೂ ಅದೇ, ಮೂಗು ಬಾಯಿಗಳಲ್ಲಿ ನೀರು ತರಿಸುವುದೂ ಅದೇ. ಕನಸು ಬೀಳುವ ನಿದ್ರೆಯಲ್ಲಿ ಅದು ಮಿದುಳಿನಲ್ಲಿ ತಾನಾಗಿಯೇ ಏರಿರುತ್ತದೆ. ಮಲಗುವ ಮುನ್ನ ಮಾತ್ರೆ ನುಂಗಿದವರಿಗೆ ಕಣ್ಣಿಗೆ ಕಟ್ಟಿದಂಥ ಕನಸುಗಳು ಬೀಳುವುದು ಇದರಿಂದ. ಇಂಥವರಿಗೆ ವೈದ್ಯರು ಮಾತ್ರೆಯನ್ನು ಬೆಳಿಗ್ಗೆಗೆ ಬದಲಾಯಿಸುವುದುಂಟು. ಕೇಳಿ ನೋಡಿ.

ಇನ್ನೊಂದು ವಿಷಯ. ನುಂಗಿದ್ದರಲ್ಲಿ ಅರ್ಧ ಮೈಯಿಂದ ಇಳಿಯಲು ಸುಮಾರು 70 ಗಂಟೆ ಬೇಕು. ಇವತ್ತು ಏರಿಸಿದ್ದರ ಪೂರ್ತಿ ಫಲ ತಿಳಿಯಲು ಎರಡು ವಾರ ಹಿಡಿಯುತ್ತದೆ. ಅಷ್ಟರಲ್ಲಿ ಮನೆಯವರು ಏರಿಸಿದ್ದನ್ನೇ ಮರೆತು ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿರುತ್ತಾರೆ.

ನಿಮ್ಮನ್ನು ಸ್ವಲ್ಪ ಗದರಲೇಬೇಕು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ನಿಮ್ಮ ಮನೆಯ ಮಕ್ಕಳಿಗೂ ಗೊತ್ತು. ಕೊಳೆರೋಗ ಜೋರಾಗಿದೆ ಎಂದು ನೆಂಟರು ಫೋನಿನಲ್ಲಿ ಹೇಳಿದರೆ ತುತ್ತವನ್ನು ಎರಡು ಕಿಲೋ ಮಾಡುತ್ತೀರಾ? ಹದವಾಗಿ ಬೆರೆಸಿದ ಮೇಲೂ ಹಳಬರು ಹೊಳೆಯುವ ಕತ್ತಿಯನ್ನು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೀಳುತ್ತದೆ, ಅಲ್ಲಿಯವರೆಗೆ ಒಂದು ಅಡಿಕೆ ಗೊನೆಗೂ ಔಷಧಿ ಹೊಡೆಯುವುದಿಲ್ಲ. ಮರಕ್ಕೆ ತೋರಿಸುವ ಈ ಎಚ್ಚರ ಮಾವನವರಿಗೆ ಸಿಗಲಿಲ್ಲವಲ್ಲ!

ಅಮೆರಿಕದ ನೆಂಟರ ಮಾತಿಗೂ ಮೂಲವಿದೆ. ಅಲ್ಲಿ 2010ರಲ್ಲಿ 23 ಮಿಲಿಗ್ರಾಂ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಅದು ಕಾಯಿಲೆ ಬಲಿತವರಿಗೆ, ಅದೂ ಕನಿಷ್ಠ ಮೂರು ತಿಂಗಳು 10 ಮಿಲಿಗ್ರಾಂ ತಾಳಿಕೊಂಡವರಿಗೆ ಮಾತ್ರ. ಅದರ ಪರೀಕ್ಷೆಯಲ್ಲಿ ಬುದ್ಧಿಶಕ್ತಿಯ ಅಂಕಗಳು ತುಸು ಏರಿದವು. ರೋಗಿಯ ಒಟ್ಟಾರೆ ಸ್ಥಿತಿಯಲ್ಲಿ ಎದ್ದುಕಾಣುವ ವ್ಯತ್ಯಾಸ ಬರಲಿಲ್ಲ, ವಾಂತಿ ಮಾತ್ರ ಹೆಚ್ಚಿತು. ಕೆನಡಾದ ಒಂಟಾರಿಯೋ ಪ್ರಾಂತ್ಯದ ವೃದ್ಧರ ದಾಖಲೆಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಈ ಗುಂಪಿನ ಮಾತ್ರೆ ತೆಗೆದುಕೊಳ್ಳುವವರು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರುವುದೂ ಸೊಂಟದ ಮೂಳೆ ಮುರಿದುಕೊಳ್ಳುವುದೂ ಹೆಚ್ಚು ಎಂದಿತು. ನಿಮ್ಮ ಅಂಗಳದಲ್ಲಿ ನಡೆದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ನಮ್ಮ ಮನೆಯ ಕಥೆಯೂ ಇದೇ. ಸಾಗರದ ಬಳಿ ಇದ್ದ ನನ್ನ ದೊಡ್ಡಪ್ಪನಿಗೆ ಇದೇ ಮಾತ್ರೆ ಏರಿಸಿದ ಮೇಲೆ ಮೂಗು ಸೋರಲು ಶುರುವಾಯಿತು. ಶೀತವೆಂದು ಶೀತದ ಮಾತ್ರೆ ಬಂತು. ಆ ಬಗೆಯ ಹಳೆಯ ಶೀತದ ಮಾತ್ರೆ ಅಸೆಟೈಲ್‌ಕೋಲಿನ್ನಿಗೇ ಅಡ್ಡ ನಿಲ್ಲುವಂಥದ್ದು, ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಂತೆ. ಮರೆವು ಹೆಚ್ಚಿತು. ಮರೆವು ಹೆಚ್ಚಿತೆಂದು ಮರೆವಿನ ಮಾತ್ರೆಯನ್ನು ಮತ್ತೆ ಏರಿಸಿದರು. ಈ ಸುಳಿಯನ್ನು ಕಂಡುಹಿಡಿದವರು ಮೂರನೆಯ ತರಗತಿ ಓದಿದ ದೊಡ್ಡಮ್ಮ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ, ದಿನಕ್ಕೆ ದೊಡ್ಡಪ್ಪನ ಎಷ್ಟು ಕರವಸ್ತ್ರ ಒಗೆದೆನೆಂದು ಅವರು ಸೊನ್ನೆ ಸುತ್ತಿಟ್ಟಿದ್ದರು. ಮಾತ್ರೆ ಏರಿಸಿದ ಎರಡನೆಯ ವಾರದಿಂದ ಸೊನ್ನೆಗಳು ಒತ್ತೊತ್ತಾಗಿದ್ದವು. ಆ ಹಾಳೆಯನ್ನು ಹಿಡಿದುಕೊಂಡು ಹೋದಾಗ ಅದನ್ನು ಬಿಡಿಸಿ ನೋಡುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಇನ್ನೊಂದು ಊರಿನ ವೈದ್ಯರೊಬ್ಬರು ನೋಡಿದರು, ಎರಡೂ ಮಾತ್ರೆ ಇಳಿದವು.

ನಿಮ್ಮ ಮಾವನವರು ಕವಳ, ಅಂದರೆ ಎಲೆ ಅಡಿಕೆ, ಹಾಕುತ್ತಾರೆಯೇ? ಮಲೆನಾಡಿನ ಹಿರಿಯರಲ್ಲಿ ಹಾಕದವರು ಅಪರೂಪ. ಅಡಿಕೆಯಲ್ಲಿರುವ ಅರೆಕೋಲಿನ್ ಅಸೆಟೈಲ್‌ಕೋಲಿನ್ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ಅದನ್ನು ಮರೆವಿನ ಕಾಯಿಲೆಗೆ ಔಷಧಿಯಾಗಿ ಪರೀಕ್ಷಿಸಿದ್ದೂ ಉಂಟು. ಅಡಿಕೆ, ಮಾತ್ರೆ ಎರಡೂ ಒಂದೇ ಕಡೆ ಎಳೆಯುವಾಗ ದಿನಕ್ಕೆ ಎಷ್ಟು ಕವಳ ಎಂದು ವೈದ್ಯರು ಕೇಳಬೇಡವೇ? ಅವರು ಕೇಳದಿದ್ದರೂ ನೀವು ಹೇಳಿ.

ನನ್ನನ್ನು ಎಲ್ಲಕ್ಕಿಂತ ಸುಡುವುದು ಬೇರೆ. ತೋಟಕ್ಕೆ ತರುವ ಎಷ್ಟೋ ಕೀಟನಾಶಕಗಳು ತಡೆಯುವುದೂ ಇದೇ ಕಿಣ್ವವನ್ನೇ. ಅವುಗಳ ಡಬ್ಬಿಯ ಮೇಲೆ ಬಣ್ಣದ ತ್ರಿಕೋನವಿದೆ, ಜೊತೆಗೆ ಕನ್ನಡದಲ್ಲಿ ಕರಪತ್ರವಿದೆ, ವಿಷವೇರಿದರೆ ಏನಾಗುತ್ತದೆಂದು ಬರೆದಿದೆ. ಹುಳ ಕೊಲ್ಲುವ ಡಬ್ಬಿ ನಮ್ಮ ಭಾಷೆಯಲ್ಲಿ ಮಾತಾಡುತ್ತದೆ. ಅಪ್ಪ ಅಮ್ಮಂದಿರ ಬಾಯಿಗೆ ಹಾಕುವ ಮಾತ್ರೆಯ ಹಾಳೆಯ ಹಿಂದೆ ಇರುವೆ ಸಾಲಿನಂಥ ಇಂಗ್ಲಿಷ್, ಅದೂ ಮಾತ್ರೆ ಒತ್ತಿ ತೆಗೆಯುವಾಗ ಹರಿದುಹೋಗುತ್ತದೆ. ಚೀಟಿಯಲ್ಲಿ "ರಾತ್ರಿ ಒಂದು" ಎಂದು ಕನ್ನಡದಲ್ಲಿ ಬರೆಯಲು ಎಷ್ಟು ಶಾಯಿ ಬೇಕು? ಹಳೆಯ ಚೀಟಿ ತೋರಿಸಿದರೆ ಕೇಳಿದಷ್ಟು ಮಾತ್ರೆ ಎಣಿಸಿ ಕೊಡುವ ಅಂಗಡಿಗಳ ಬಗ್ಗೆ ಈ ಪುಟದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಕೊನೆಗೆ ಆ ಕನಸು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಊರುಗಳೊಳಗೆ ಬಂದಾಗ ನಿಮ್ಮ ಮಾವನವರಿಗೆ ಇಪ್ಪತ್ತರ ಆಸುಪಾಸು. ಅವರ ಮನೆ ಮುಳುಗಡೆಯದೋ ಎಂದು ನೀವು ಬರೆದಿಲ್ಲ. ಮಾತ್ರೆ ಕನಸನ್ನು ಕೆರಳಿಸಿರಬಹುದು, ಆದರೆ ಮೆಟ್ಟಿಲನ್ನೂ ದನವನ್ನೂ ಅದು ಹುಟ್ಟಿಸಿದ್ದಲ್ಲ. ಪ್ರಮಾಣ ಇಳಿದು ಅವರು ಶಾಂತವಾಗಿರುವ ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು, ಅದು ಯಾವ ಊರಿನ ಮೆಟ್ಟಿಲು, ಆ ದನದ ಹೆಸರೇನು ಎಂದು ಕೇಳಿ. ಹೇಳಿದ್ದನ್ನು ಬರೆದು ಕಳುಹಿಸಿ, ಈ ಪುಟದಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ